ಬದುವಿನ ಮರಗಳ ಕಾರ್ಬನ್‌ಗೆ 30 ವರ್ಷದ ಕರಾರು: ಇದರಲ್ಲಿ ರೈತನಿಗೆ ನ್ಯಾಯ ಎಷ್ಟು?

ಮಧುಗಿರಿ ಸೀಮೆಯವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಧುಗಿರಿ ತಾಲ್ಲೂಕಿನವಳು. ತುಮಕೂರಿನಲ್ಲಿ ಪ್ರೌಢಶಾಲಾ ಶಿಕ್ಷಕಿಯಾಗಿದ್ದೇನೆ. ಊರಿನಲ್ಲಿರುವ ಮೂರು ಎಕರೆ ಇಪ್ಪತ್ತು ಗುಂಟೆ ಖುಷ್ಕಿ ಜಮೀನನ್ನು ಅಪ್ಪ ಇವತ್ತಿಗೂ ತಾವೇ ನಿಂತು ಮಾಡಿಸುತ್ತಾರೆ. ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ ಮತ್ತು ತೊಗರಿ, ಮುಂಗಾರು ಕೈಕೊಡದ ವರ್ಷ ಒಂದಿಷ್ಟು ಕಡಲೆಕಾಯಿ ಬೆಳೆಯುತ್ತೇವೆ. ಬದುವಿನ ಮೇಲೆ ತಾತ ನೆಟ್ಟ ಹನ್ನೊಂದು ಹುಣಸೆ ಮರಗಳಿವೆ.

ಎರಡು ತಿಂಗಳ ಹಿಂದೆ ಒಂದು ಕಂಪನಿಯ ಕಡೆಯ ಯುವಕರೊಬ್ಬರು ಬಂದು ಅರಳಿಕಟ್ಟೆಯ ಬಳಿ ಸಭೆ ನಡೆಸಿದರು. ಬದುಗಳ ಮೇಲೆ ನೆಡಲು ಹೆಬ್ಬೇವು ಮತ್ತು ಮಹಾಗನಿ ಸಸಿಗಳನ್ನು ಉಚಿತವಾಗಿ ಕೊಡುತ್ತಾರಂತೆ. ಮರಗಳು ಹೀರಿಕೊಂಡ ಇಂಗಾಲವನ್ನು ಲೆಕ್ಕ ಹಾಕಿಸಿ ವಿದೇಶದ ಕಂಪನಿಗಳಿಗೆ ಕಾರ್ಬನ್ ಕ್ರೆಡಿಟ್ ಎಂದು ಮಾರುತ್ತಾರಂತೆ. ಬಂದ ಹಣದಲ್ಲಿ ರೈತನಿಗೆ ಶೇಕಡ 60 ಪಾಲಂತೆ. ಕರಾರು ಪತ್ರ ಇಂಗ್ಲಿಷಿನಲ್ಲಿ ಹದಿನಾಲ್ಕು ಪುಟವಿದೆ. ಅದರ ಮೇಲೆ ಕನ್ನಡದ ಒಂದು ಪುಟ ಸಾರಾಂಶವನ್ನು ಪಿನ್ ಮಾಡಿದ್ದಾರೆ. ಮೂರು ರಾತ್ರಿ ಕುಳಿತು ಇಂಗ್ಲಿಷ್ ಪ್ರತಿಯನ್ನು ಓದಿದಾಗ ಸಾರಾಂಶದಲ್ಲಿ ಸುಳಿವೇ ಇಲ್ಲದ ಸಂಗತಿಗಳು ಕಂಡವು. ಶೇಕಡ 60ರ ಪಾಲನ್ನು ಲೆಕ್ಕ ಹಾಕುವುದು ‘ಯೋಜನೆಯ ಎಲ್ಲ ವೆಚ್ಚಗಳನ್ನು ಕಳೆದ ನಂತರ ಉಳಿಯುವ’ ಹಣದ ಮೇಲೆ. ಮರಗಳ ಇಂಗಾಲದ ಸಮಸ್ತ ಹಕ್ಕು 30 ವರ್ಷ ಕಂಪನಿಯದು; ಈ ಷರತ್ತು ರೈತನ ವಾರಸುದಾರರಿಗೂ ಅನ್ವಯಿಸುತ್ತದೆ. ಮರ ಕಡಿದರೆ ಅಥವಾ ಒಣಗಿದರೆ ಅದರ ಮೊತ್ತವನ್ನು ಮುಂದಿನ ಪಾವತಿಗಳಲ್ಲಿ ಹಿಡಿದುಕೊಳ್ಳಬಹುದು. ಅಪ್ಪನಿಗೆ ಈಗ 61 ವರ್ಷ. ಕರಾರು ಮುಗಿಯುವಾಗ ಅವರಿಗೆ 91 ಆಗುತ್ತದೆ. ಹಾಗಾಗಿ ಈ ಕರಾರನ್ನು ಹೊರಬೇಕಾದವಳು ನಾನೇ.

ಹುಣಸೆ ಮರಗಳೂ ಲೆಕ್ಕಕ್ಕೆ ಬರುತ್ತವೆಯೇ ಎಂದು ಅಪ್ಪ ಕೇಳಿದ್ದಕ್ಕೆ ಆ ಯುವಕರು, ಮೊದಲೇ ಇರುವ ಮರಕ್ಕೆ ದುಡ್ಡಿಲ್ಲ ಎಂದರು. ಪಕ್ಕದ ಹೊಲದವರು ತಮ್ಮ ಹುಣಸೆಗಳನ್ನೆಲ್ಲ ಎಂದೋ ಕಡಿಸಿ ಇಟ್ಟಿಗೆ ಗೂಡಿಗೆ ಮಾರಿದವರು. ಅವರ ಬದು ಬೋಳಾಗಿರುವುದರಿಂದ ಅವರಿಗೆ ನಮಗಿಂತ ಹೆಚ್ಚು ಸಸಿ, ಹೆಚ್ಚು ಪಾಲು. ಇದು ಯಾವ ಸೀಮೆಯ ನ್ಯಾಯ?

ಅಪ್ಪ ಮಾತ್ರ, ‘ಸಸಿ ಬಿಟ್ಟಿ ಬರುತ್ತೆ, ಬದು ಖಾಲಿ ಬಿದ್ದಿದೆ, ಬಂದಷ್ಟು ಬರಲಿ ಬಿಡಮ್ಮ’ ಎನ್ನುತ್ತಾರೆ. ಸಹಿ ಹಾಕುವ ಮುನ್ನ ಏನೇನು ಕೇಳಬೇಕು? ಎಲ್ಲೋ ದೂರದ ಕಾರ್ಖಾನೆಯೊಂದು ಹೊಗೆ ಬಿಡುವುದನ್ನು ನಿಲ್ಲಿಸದೆ, ನಮ್ಮ ಬದುವಿನ ಗಿಡ ತೋರಿಸಿ ತಾನು ಶುದ್ಧ ಎಂದು ಹೇಳಿಕೊಳ್ಳುವುದಕ್ಕೆ ನಾವು ಕೈಜೋಡಿಸಿದಂತೆ ಆಗುವುದಿಲ್ಲವೇ? ಇದರ ಒಳಹೊರಗು ತಿಳಿದವರು ದಯವಿಟ್ಟು ಹೇಳಿ.

ಟೇಪು ಹಿಡಿದವನು, ಚಿಂತಾಮಣಿ

ಮೇಡಂ, ಇಂಥದೇ ಒಂದು ಯೋಜನೆಯಲ್ಲಿ ಮೂರು ವರ್ಷ ಮರ ಅಳೆಯುವ ಕೆಲಸ ಮಾಡಿದವನು ನಾನು. ಈಗ ಬಿಟ್ಟಿದ್ದೇನೆ, ಆದ್ದರಿಂದ ಬಿಚ್ಚಿ ಬರೆಯಬಹುದು.

ಮೊದಲು ಲೆಕ್ಕ. ಒಂದು ಕ್ರೆಡಿಟ್ ಎಂದರೆ ಒಂದು ಟನ್ ಕಾರ್ಬನ್ ಡೈ ಆಕ್ಸೈಡ್. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಮರದ ಸುತ್ತಳತೆ ತೆಗೆದು, ಸೂತ್ರ ಹಾಕಿ, ಮರದ ಒಣ ತೂಕವನ್ನು ಅಂದಾಜು ಮಾಡುತ್ತೇವೆ. ಆ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ, ಅದನ್ನು 3.67ರಿಂದ ಗುಣಿಸಿದರೆ ಗಾಳಿಯಿಂದ ಹೀರಿದ ಅನಿಲದ ತೂಕ ಸಿಗುತ್ತದೆ. ಒಣ ತೂಕ 100 ಕೆ.ಜಿ. ಇರುವ ಮರ ಎಂದಿಟ್ಟುಕೊಳ್ಳಿ: ಇಂಗಾಲ 50 ಕೆ.ಜಿ., ಅನಿಲದ ಲೆಕ್ಕದಲ್ಲಿ ಸುಮಾರು 183 ಕೆ.ಜಿ. ಒಂದೇ ಒಂದು ಕ್ರೆಡಿಟ್ಟಿಗೆ ಅಂಥ ಐದೂವರೆ ಮರ ಬೇಕು. ಅದೂ ಆ ಮರಗಳು ಅಷ್ಟೂ ವರ್ಷ ಬೆಳೆದುದಕ್ಕೆಲ್ಲ ಸೇರಿ ಒಂದು ಸಲ. ವರ್ಷವರ್ಷವೂ ಅಷ್ಟೇ ಸಿಗುತ್ತದೆ ಎಂದುಕೊಳ್ಳಬೇಡಿ. ಖುಷ್ಕಿ ಬದುವಿನಲ್ಲಿ ಮೊದಲ ಎರಡು ಬೇಸಿಗೆ ದಾಟಿ ಉಳಿಯುವ ಸಸಿ ಎಷ್ಟು ಎಂಬುದು ನಿಮ್ಮ ತಂದೆಯವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಆ ಶೇಕಡ 60. ಕ್ರೆಡಿಟ್ ಹುಟ್ಟುವ ಮೊದಲು ಯೋಜನಾ ದಾಖಲೆ ಬರೆಯಿಸಬೇಕು, ಹೊರಗಿನ ಲೆಕ್ಕಪರಿಶೋಧಕರಿಂದ ಊರ್ಜಿತ ಮಾಡಿಸಬೇಕು, ಕೆಲವು ವರ್ಷಗಳಿಗೊಮ್ಮೆ ಮತ್ತೆ ಪರಿಶೀಲನೆ ಮಾಡಿಸಬೇಕು, ನೋಂದಣಿ ಸಂಸ್ಥೆಗೆ ಪ್ರತಿ ಕ್ರೆಡಿಟ್ಟಿಗೆ ಇಷ್ಟು ಎಂದು ಶುಲ್ಕ ಕಟ್ಟಬೇಕು. ನನ್ನಂಥವರ ಸಂಬಳ, ಜೀಪು, ಸಸಿ ಎಲ್ಲವೂ ಅದರ ಮೇಲೆ. ಇವೆಲ್ಲ ನಿಜವಾದ ಖರ್ಚುಗಳೇ, ಸುಳ್ಳಲ್ಲ. ಆದರೆ ಖರ್ಚಿಗೆ ಮಿತಿ ಇಲ್ಲದ ಕಡೆ ಉಳಿದದ್ದರಲ್ಲಿ 60 ಎಂದರೂ ಒಂದೇ, 90 ಎಂದರೂ ಒಂದೇ. ನಾವು ಅಳೆದ ಊರೊಂದರಲ್ಲಿ ಮೊದಲ ಪಾವತಿಯ ದಿನ ಒಬ್ಬ ಯಜಮಾನರು ಬಂದ ಹಣವನ್ನು ಎಣಿಸಿ ನೋಡಿ, ‘ನಾಲ್ಕು ವರ್ಷ ಬಿಂದಿಗೆಯಲ್ಲಿ ನೀರು ಹೊತ್ತಿದ ಕೂಲಿಯೂ ಇಲ್ಲವಲ್ಲಪ್ಪ’ ಎಂದರು. ಕ್ರೆಡಿಟ್ ಎಷ್ಟಕ್ಕೆ ಮಾರಾಟವಾಯಿತು ಎಂದು ಅವರು ಕೇಳಿದರು. ನನಗೇ ಗೊತ್ತಿರಲಿಲ್ಲ, ನನ್ನ ಮೇಲಿನವರು ನನಗೆ ಹೇಳಿರಲಿಲ್ಲ.

ಬೆಲೆ ಗುಟ್ಟಾಗಿದ್ದರೂ ಉಳಿದದ್ದು ಗುಟ್ಟಲ್ಲ ಎಂಬುದು ರೈತರಿಗೆ ತಿಳಿದಿರುವುದಿಲ್ಲ. ವೆರಾ, ಗೋಲ್ಡ್ ಸ್ಟ್ಯಾಂಡರ್ಡ್ ಎಂಬ ದೊಡ್ಡ ನೋಂದಣಿ ಸಂಸ್ಥೆಗಳ ಕಡತ ಯಾರು ಬೇಕಾದರೂ ನೋಡಬಹುದಾದದ್ದು. ಯೋಜನೆಯ ಸಂಖ್ಯೆ ಕೇಳಿ ಪಡೆಯಿರಿ. ಎಷ್ಟು ಕ್ರೆಡಿಟ್ ಹುಟ್ಟಿದವು, ಎಷ್ಟನ್ನು ಬಳಸಿ ಮುಗಿಸಿದರು ಎಂಬುದು ಅಲ್ಲಿ ಸಿಗುತ್ತದೆ. ವೆರಾದಲ್ಲಿ ಯೋಜನೆ ನೋಂದಣಿಯಾಗುವ ಮುನ್ನ 30 ದಿನ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು. ಎಲ್ಲವೂ ಇಂಗ್ಲಿಷಿನಲ್ಲಿ, ಅರಳಿಕಟ್ಟೆಯವರೆಗೆ ಬರುವುದಿಲ್ಲ. ಸಂಖ್ಯೆ ಕೊಡಲು ಅವರು ಮೀನಮೇಷ ಎಣಿಸಿದರೆ ಅದೇ ನಿಮಗೆ ಉತ್ತರ. ‘ಇದು ಸರ್ಕಾರದ್ದೇ ಯೋಜನೆ’ ಎಂದು ಯಾರಾದರೂ ಹೇಳಿದರೆ ಅದನ್ನೂ ಕೆದಕಿ ನೋಡಿ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ತನ್ನದೇ ಕಾರ್ಬನ್ ವಹಿವಾಟು ಯೋಜನೆಯನ್ನು ಅಧಿಸೂಚಿಸಿ, ಡಿಸೆಂಬರ್‌ನಲ್ಲಿ ಸ್ವಯಂಪ್ರೇರಿತ ಯೋಜನೆಗಳಿಗೂ ಅದರಲ್ಲಿ ಜಾಗ ಮಾಡಿದೆ ನಿಜ. ಆದರೆ ವಿದೇಶಿ ಕಂಪನಿಗಳಿಗೆ ಮಾರುವ ಈ ಖಾಸಗಿ ಕ್ರೆಡಿಟ್‌ಗಳ ದಾರಿಯೇ ಬೇರೆ.

ಹುಣಸೆಯ ವಿಷಯದಲ್ಲಿ ಆ ಯುವಕರು ಹೇಳಿದ್ದು ನಿಯಮದ ಪ್ರಕಾರ ಸರಿ. ಯೋಜನೆ ಇಲ್ಲದಿದ್ದರೆ ಆಗುತ್ತಿರಲಿಲ್ಲ ಎಂದು ತೋರಿಸಬಲ್ಲ ಇಂಗಾಲಕ್ಕೆ ಮಾತ್ರ ಕ್ರೆಡಿಟ್. ದುಡ್ಡಿನಾಸೆಗೆ ಕಾಡು ಕಡಿದು ಮತ್ತೆ ನೆಡುವವರನ್ನು ತಡೆಯಲು, ಹತ್ತು ವರ್ಷದೊಳಗೆ ಸಹಜ ಕಾಡನ್ನು ಸವರಿದ ನೆಲಕ್ಕೆ ವೆರಾದಲ್ಲಿ ಪ್ರವೇಶವಿಲ್ಲ. ಬದುವಿನ ಹುಣಸೆಯನ್ನು ಎಂದೋ ಕಡಿದವರನ್ನು ಆ ಜರಡಿ ಹಿಡಿಯುವುದಿಲ್ಲ. ನಿಯಮದ ತರ್ಕ ನನಗೆ ಅರ್ಥವಾಗುತ್ತದೆ, ಆದರೆ ತಾತ ನೆಟ್ಟು ಮೊಮ್ಮಗಳವರೆಗೆ ಕಾಪಾಡಿದ ಮನೆತನಕ್ಕೆ ಅದನ್ನು ವಿವರಿಸಿ ಹೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ.

ಕೇಳಬೇಕಾದದ್ದು ಇಷ್ಟು: ಪಾಲು ಒಟ್ಟು ಮಾರಾಟದ ಬೆಲೆಯ ಮೇಲಿರಲಿ, ಅದರ ಕೆಳಗೊಂದು ಕನಿಷ್ಠ ಬೆಲೆ ಇರಲಿ. ಇದೇನೂ ಕಂಡುಕೇಳರಿಯದ ಬೇಡಿಕೆಯಲ್ಲ. ಸಣ್ಣ ಬೆಳೆಗಾರರಿಗೆ ನ್ಯಾಯವಾದ ಬೆಲೆ ಸಿಗಲೆಂದು ದುಡಿಯುವ ಫೇರ್‌ಟ್ರೇಡ್ ಸಂಸ್ಥೆ 2015ರಲ್ಲಿ ಗೋಲ್ಡ್ ಸ್ಟ್ಯಾಂಡರ್ಡ್ ಜೊತೆ ಸೇರಿ ತಂದ ಮಾನದಂಡದಲ್ಲಿ ಕನಿಷ್ಠ ಬೆಲೆಯೂ ಇದೆ, ಪ್ರತಿ ಕ್ರೆಡಿಟ್ಟಿಗೆ ಊರಿನವರಿಗೆಂದೇ 1 ಯೂರೋ ಹೆಚ್ಚುವರಿಯೂ ಇದೆ. ಬರದಲ್ಲಿ ಒಣಗಿದ ಮರಕ್ಕೆ ರೈತನಿಂದ ವಸೂಲಿ ಕೂಡದು. ಅಂಥ ನಷ್ಟಕ್ಕೆಂದೇ ಪ್ರತಿ ಮರದ ಯೋಜನೆಯಿಂದಲೂ ಒಂದಷ್ಟು ಕ್ರೆಡಿಟ್‌ಗಳನ್ನು ನೋಂದಣಿ ಸಂಸ್ಥೆ ಮೀಸಲು ಎಂದು ತೆಗೆದಿಟ್ಟಿರುತ್ತದೆ. ನಡುವೆ ಹೊರಬರುವ ಷರತ್ತು ಬರಹದಲ್ಲಿರಲಿ. ಕನ್ನಡದ ಪೂರ್ಣ ಪ್ರತಿಗೂ ಅವರ ಸಹಿ ಇರಲಿ. ಕೊನೆಯದಾಗಿ, ಪಹಣಿ ಯಾರ ಹೆಸರಿನಲ್ಲಿದೆ?

ಗೋಬರ್ ಒಲೆ, ಬಾಗೇಪಲ್ಲಿ

ಅಕ್ಕ, ಕಾರ್ಬನ್ ಹಣ ನಮ್ಮ ತಾಲ್ಲೂಕಿಗೆ ಹೊಸದಲ್ಲ. 2005ರ ಡಿಸೆಂಬರ್‌ನಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆ ಇನ್ನೂ ಕೋಲಾರದೊಳಗೇ ಇದ್ದಾಗ, ಬಾಗೇಪಲ್ಲಿ ಕೂಲಿ ಸಂಘದ 5,500 ಮನೆಗಳ ಗೋಬರ್ ಗ್ಯಾಸ್ ಯೋಜನೆ, ಹವಾಮಾನ ಕುರಿತ ಅಂತರರಾಷ್ಟ್ರೀಯ ಕ್ಯೋಟೋ ಒಪ್ಪಂದದ ಅಡಿಯಲ್ಲಿ ಕ್ರೆಡಿಟ್‌ಗಾಗಿ ನೋಂದಣಿಯಾಯಿತು. ತಲಾ ಎರಡು ಘನ ಮೀಟರ್‌ನ ಗುಂಡಿಗಳು. ದಿನಕ್ಕೆ ಐವತ್ತು ಕೆ.ಜಿ.ಯಷ್ಟು ಸಗಣಿಯನ್ನು ಅಷ್ಟೇ ನೀರಿನೊಡನೆ ಕದಡಿ ಬಿಟ್ಟರೆ ಎರಡು ಹೊತ್ತಿನ ಅಡುಗೆಗೆ ಗ್ಯಾಸು, ಹೊಲಕ್ಕೆ ಬಗ್ಗಡ. ದಿನ ಬೆಳಗಾದರೆ ಜಾಲಿ ಸೌದೆಗೆ ಮೈಲಿಗಟ್ಟಲೆ ನಡೆಯುತ್ತಿದ್ದ ಕೂಲಿ ಹೆಂಗಸರು ಆ ಒಲೆಯನ್ನು ಹೊಗೆಯಿಲ್ಲದ ಒಲೆ ಎಂದು ಇಷ್ಟಪಟ್ಟರೇ ಹೊರತು ಕ್ರೆಡಿಟ್ ಎಂದಲ್ಲ.

ನ್ಯಾಯದ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ಅದೇ ಮಾರುಕಟ್ಟೆಯ ಇನ್ನೊಂದು ತುದಿಯನ್ನು ಓದಿದಾಗ. ತಂಪುಪೆಟ್ಟಿಗೆಯ ಅನಿಲ ತಯಾರಿಸುವ ಕಾರ್ಖಾನೆಗಳಲ್ಲಿ ಎಚ್‌ಎಫ್‌ಸಿ–23 ಎಂಬ ಉಪ ಉತ್ಪನ್ನ ಹುಟ್ಟುತ್ತದೆ. ಅದರ ಒಂದು ಟನ್ನನ್ನು ಸುಟ್ಟರೆ ಆಗಿನ ನಿಯಮದಂತೆ 11,700 ಕ್ರೆಡಿಟ್. ಒಂದು ಮನೆಯ ಗುಂಡಿಯಿಂದ ವರ್ಷಕ್ಕೆ ಸಿಗುವುದು ಮೂರೂವರೆ ಕ್ರೆಡಿಟ್ಟಿನ ಆಸುಪಾಸು. ಅಂದರೆ ಮೂರು ಸಾವಿರಕ್ಕೂ ಹೆಚ್ಚು ಹೆಂಗಸರು ವರ್ಷವಿಡೀ ಸಗಣಿ ಕದಡಿದ್ದಕ್ಕೆ ಸಮನಾದದ್ದು ಅಲ್ಲಿ ಒಂದು ಟನ್ ಅನಿಲಕ್ಕೆ ಸಿಕ್ಕಿಬಿಡುತ್ತಿತ್ತು. ಕ್ರೆಡಿಟ್‌ಗಾಗಿಯೇ ಆ ಅನಿಲವನ್ನು ಹೆಚ್ಚು ಹುಟ್ಟಿಸುತ್ತಿದ್ದಾರೆ ಎಂಬ ದೂರು ಎದ್ದ ಮೇಲೆ ಯುರೋಪು 2013ರ ಮೇ ತಿಂಗಳಿಂದ ಆ ಕ್ರೆಡಿಟ್‌ಗಳನ್ನು ತನ್ನ ಮಾರುಕಟ್ಟೆಯಲ್ಲಿ ನಿಷೇಧಿಸಿತು. ಅಷ್ಟು ಹೊತ್ತಿಗೆ ಮಾರುಕಟ್ಟೆ ಅಗ್ಗದ ಕ್ರೆಡಿಟ್‌ಗಳಿಂದ ತುಂಬಿ, 2012ರಲ್ಲೇ ಬೆಲೆ ಒಂದು ಯೂರೋಗಿಂತ ಕೆಳಗೆ ಬಿದ್ದಿತ್ತು. ಸಗಣಿಯ ಕ್ರೆಡಿಟ್ಟಿಗೂ ಇದ್ದದ್ದು ಅದೇ ಮಾರುಕಟ್ಟೆ.

ಈಗ ಹೇಳುವುದು ನಮ್ಮ ಮನೆಯ ಮಾತು. ಮೇಲಿನ ಯೋಜನೆಗೂ ಇದಕ್ಕೂ ಸಂಬಂಧವಿಲ್ಲ. ಬಹಳ ವರ್ಷಗಳ ನಂತರ ಬೇರೊಂದು ಸಂಸ್ಥೆಯವರು ಸೌದೆ ಉಳಿಸುವ ಲೋಹದ ಒಲೆ ಹಂಚಿದರು. ಆರು ತಿಂಗಳಿಗೆ ಅದರ ತಳ ತೂತಾಗಿ ಅಮ್ಮ ಅದನ್ನು ಕೋಳಿ ಕವುಚುವುದಕ್ಕೆ ಇಟ್ಟುಕೊಂಡಿದ್ದರು. ಸಮೀಕ್ಷೆಗೆ ಬಂದ ಹುಡುಗಿ ‘ವಾರಕ್ಕೆ ಎಷ್ಟು ದಿನ ಉರಿಸುತ್ತೀರಿ’ ಎಂದು ಕೇಳಿದಳು. ಇಲ್ಲ ಎಂದರೆ ಸಿಲಿಂಡರ್ ಸಬ್ಸಿಡಿಗೆ ಕುತ್ತು ಬಂದೀತು ಎಂದು ಹೆದರಿ ಅಮ್ಮ ‘ದಿನಾಲೂ’ ಎಂದರು. ಹುಡುಗಿ ಬರೆದುಕೊಂಡು ಹೋದಳು. ಒಳಗೆ ಕೋಳಿ ಕೂಗುತ್ತಲೇ ಇತ್ತು. ಒಲೆ ಯೋಜನೆಗಳನ್ನು ಪರಿಶೀಲಿಸಿ 2024ರ ಜನವರಿಯಲ್ಲಿ ನೇಚರ್ ಸಸ್ಟೈನಬಿಲಿಟಿ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಅವು ಸರಾಸರಿ 9.2 ಪಟ್ಟು ಹೆಚ್ಚು ಕ್ರೆಡಿಟ್ ಎಣಿಸಿಕೊಂಡಿವೆ ಎಂದು ಹೇಳಿತು. ನನಗೆ ಆಶ್ಚರ್ಯವೇನೂ ಆಗಲಿಲ್ಲ.

ನಿಮ್ಮ ಕರಾರಿನಲ್ಲಿ ಹಣ ಯಾರ ಖಾತೆಗೆ ಬರುತ್ತದೆ ಎಂಬುದನ್ನೂ ನೋಡಿ. ನೀರು ಹೊರುವವರು ಒಬ್ಬರು, ಪಾಸ್‌ಬುಕ್ಕು ಇನ್ನೊಬ್ಬರದು ಆಗುವುದು ನಮ್ಮಲ್ಲಿ ವಾಡಿಕೆ.

ಬಿಸಿಲು ಸೀಮೆ, ಪಾವಗಡ

ಎಲ್ಲರೂ ಭಯ ಹುಟ್ಟಿಸುತ್ತಿದ್ದೀರಿ. ಸ್ವಲ್ಪ ಎದುರು ಮಾತು ಆಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ನಾಗಲಮಡಿಕೆ ಹೋಬಳಿಯಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಬಂದಾಗಲೂ ಇಂಥದೇ ಮಾತುಗಳಿದ್ದವು. ಜಮೀನು ಮಾರಾಟವಾಗಲಿಲ್ಲ, 28 ವರ್ಷಕ್ಕೆ ಗುತ್ತಿಗೆಗೆ ಹೋಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಮಳೆ ಬಂದರೂ ಬರದಿದ್ದರೂ ಆ ಬಾಡಿಗೆ ಬರುತ್ತದೆ. ಕಡಲೆಕಾಯಿ ಹಾಕಿ ಆಕಾಶ ನೋಡುತ್ತಿದ್ದವರಿಗೆ ಅದರ ಬೆಲೆ ಗೊತ್ತು.

ನನ್ನ ಮಾತಿನ ಸಾರ ಇಷ್ಟೇ. ಕೊಳ್ಳುವವನು ಪ್ರಾಮಾಣಿಕನೋ ಅಲ್ಲವೋ ಎಂಬ ಚಿಂತೆಯನ್ನು ಮೂರು ಎಕರೆಯ ರೈತನ ತಲೆಗೆ ಕಟ್ಟುವುದು ಸರಿಯಲ್ಲ. ನಾವು ಎಪಿಎಂಸಿಯಲ್ಲಿ ಹುಣಸೆಹಣ್ಣು ಮಾರುವಾಗ ಕೊಂಡವನು ಅದನ್ನು ಯಾರ ಸಾರಿಗೆ ಹಾಕುತ್ತಾನೆ ಎಂದು ಕೇಳುತ್ತೇವೆಯೇ? ಮೇಡಂ ಕೇಳಬೇಕಾದದ್ದು ಒಂದೇ: ಪಾಲಿನ ಬದಲು ನಿಗದಿತ ಬಾಡಿಗೆ ಕೊಡುತ್ತೀರಾ? ಬದುವಿನ ಉದ್ದಕ್ಕೆ ಮೀಟರಿಗೆ ಇಷ್ಟು, ವರ್ಷಕ್ಕೆ ಇಷ್ಟು ಎಂದು ಮೊದಲೇ ಕಟ್ಟಿಬಿಡಲಿ. ಮಾರುಕಟ್ಟೆ ಏರಲಿ ಇಳಿಯಲಿ, ಆ ಜೂಜು ಅವರದು.

ಪ್ರಾಮಾಣಿಕವಾಗಿ ಇದನ್ನೂ ಹೇಳಬೇಕು: ಬಾಡಿಗೆ ಬಂದದ್ದು ಪಹಣಿ ಇದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರಿಗೆ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬೇಲಿಯೇ ಅಡ್ಡಬಂತು. ಆ ಲೆಕ್ಕವನ್ನು ಯಾರೂ ಸರಿಯಾಗಿ ಚುಕ್ತಾ ಮಾಡಲಿಲ್ಲ.

ಹಳೇ ನೀಲಗಿರಿ, ಮಾಲೂರು

ಪಾವಗಡದವರ ಬಾಡಿಗೆಯ ಸಲಹೆ ಒಳ್ಳೆಯದು, ಹುಣಸೆಹಣ್ಣಿನ ಹೋಲಿಕೆ ಸರಿಯಲ್ಲ. ಹುಣಸೆಹಣ್ಣು ಕೊಂಡವನು ಹಣ್ಣನ್ನು ನೋಡಿ, ಮೂಸಿ, ತೂಕ ಹಾಕಿಸಿ ಕೊಳ್ಳುತ್ತಾನೆ. ಕ್ರೆಡಿಟ್ ಕೊಂಡವನ ಕೈಗೆ ಬರುವುದು ಒಂದು ಲೆಕ್ಕ. ಆ ಲೆಕ್ಕವನ್ನು ಪರಿಶೀಲಿಸುವವರಿಗೆ ಹಣ ಕೊಡುವುದು ಮಾರುವ ಕಂಪನಿಯೇ. ಹೀಗಾಗಿ ಎಲ್ಲೋ ಒಬ್ಬರು ಸುಳ್ಳು ಲೆಕ್ಕ ಕೊಟ್ಟರೂ ಎಲ್ಲರ ಬೆಲೆ ಬೀಳುತ್ತದೆ. 2023ರ ಜನವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಮತ್ತು ಜರ್ಮನಿಯ ಡಿ ಜೈಟ್ ಪತ್ರಿಕೆಗಳು ಸೋರ್ಸ್‌ಮೆಟೀರಿಯಲ್ ಎಂಬ ತನಿಖಾ ಪತ್ರಕರ್ತರ ಸಂಸ್ಥೆಯ ಜೊತೆಗೂಡಿ, ವೆರಾ ಅಂಗೀಕರಿಸಿದ ಮಳೆಕಾಡಿನ ಕ್ರೆಡಿಟ್‌ಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಹುರುಳಿಲ್ಲದವು ಎಂದು ಬರೆದವು. ವೆರಾ ಅದನ್ನು ಒಪ್ಪಲಿಲ್ಲ. ಆದರೂ ಕಾಡಿನ ಕ್ರೆಡಿಟ್‌ಗಳ ಬೆಲೆ ಇಳಿಯಿತು. ಗಾಳಿ, ಸೂರ್ಯನ ವಿದ್ಯುತ್ತಿನ ಕ್ರೆಡಿಟ್‌ಗಳದೂ ಇದೇ ಕತೆ: ಅವು ಹೇಗಿದ್ದರೂ ಆಗುತ್ತಿದ್ದ ಯೋಜನೆಗಳು ಎಂಬ ಕಾರಣಕ್ಕೆ, ಈ ಮಾರುಕಟ್ಟೆಯ ಗುಣಮಟ್ಟ ನೋಡುವ ಮಂಡಳಿ 2024ರ ಆಗಸ್ಟ್‌ನಲ್ಲಿ ಚಾಲ್ತಿಯಲ್ಲಿದ್ದ ಎಂಟು ಲೆಕ್ಕಾಚಾರದ ವಿಧಾನಗಳಿಗೆ ತನ್ನ ಮುದ್ರೆ ನಿರಾಕರಿಸಿತು. ಅಪ್ಪನವರ ಪಾಲು ಕೊಳ್ಳುವವರ ನಂಬಿಕೆಯ ಮೇಲೆ ನಿಂತಿರುವಾಗ ಆ ಚಿಂತೆ ನಮ್ಮದಲ್ಲ ಎನ್ನುವುದು ಹೇಗೆ?

ನನ್ನ ಹೆಸರೇ ಹೇಳುವಂತೆ ನಾನು ಇನ್ನೊಂದು ಬಿಟ್ಟಿ ಸಸಿಯ ಕಾಲವನ್ನು ಕಂಡವನು. ಸಾಮಾಜಿಕ ಅರಣ್ಯದ ದಿನಗಳಲ್ಲಿ ನಮ್ಮ ಕಡೆ ರಾಗಿ ಹೊಲಗಳೆಲ್ಲ ನೀಲಗಿರಿಯಾದವು. ಬೆಳೆಸಲು ಆಳು ಬೇಡ, ಕಾವಲು ಬೇಡ, ಕೊಳ್ಳಲು ಕಾರ್ಖಾನೆ ಸಿದ್ಧ. 1983ರ ಆಗಸ್ಟ್‌ನಲ್ಲಿ ನಿಮ್ಮ ತುಮಕೂರು ಜಿಲ್ಲೆಯ ಎರಡು ಹಳ್ಳಿಗಳ ಸಣ್ಣ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ ಮತ್ತು ಮಾವಿನ ಬೀಜ ಊರಿದರು. ಆಗ ನಾವು ಅವರನ್ನು ನೋಡಿ ನಕ್ಕಿದ್ದೆವು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನಮ್ಮ ಕೊಳವೆಬಾವಿಗಳು ಅಷ್ಟರಲ್ಲಿ ಪಾತಾಳ ಕಂಡಿದ್ದವು. ನೀಲಗಿರಿಯನ್ನಾದರೂ ನಮಗೆ ಬೇಕಾದಾಗ ಕಡಿಯಬಹುದಿತ್ತು. ನಿಮ್ಮದು 30 ವರ್ಷ. ಯಾವ ಮರ ಎಂಬುದನ್ನು ಆರಿಸುವ ಹಕ್ಕು ರೈತನದಾಗಿರಬೇಕು ಎಂದು ಮೊದಲು ಬರೆಸಿ. ಹುಣಸೆಯನ್ನೇ ನೆಡುತ್ತೇವೆ, ಅದನ್ನು ಅಳೆಯಿರಿ ಎಂದು ಕೇಳಿ ನೋಡಿ.

ಮಧುಗಿರಿ ಸೀಮೆಯವಳು

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಊರಿಗೆ ಹೋಗಿದ್ದೆ, ಆ ಯುವಕರನ್ನೂ ಮನೆಗೆ ಕರೆಸಿದ್ದೆವು. ಯೋಜನೆಯ ಸಂಖ್ಯೆ ಕೇಳಿದಾಗ ಇನ್ನೂ ನೋಂದಣಿಯಾಗಿಲ್ಲ ಎಂದರು. ಹಾಗಾದರೆ ಆ 30 ದಿನಗಳ ಆಕ್ಷೇಪಣೆಯ ಅವಕಾಶ ಇನ್ನೂ ನಮ್ಮ ಮುಂದೆ ಇರಬಹುದು. ಕ್ರೆಡಿಟ್ಟಿನ ಬೆಲೆ ಕೇಳಿದ್ದಕ್ಕೆ ಹೆಡ್ ಆಫೀಸಿನವರಿಗೆ ಮಾತ್ರ ಗೊತ್ತು ಎಂದರು. ಚಿಂತಾಮಣಿಯವರು ಬರೆದದ್ದು ನೆನಪಾಗಿ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಮಜ್ಜಿಗೆ ಕೊಟ್ಟೆ. ನಿಗದಿತ ಬಾಡಿಗೆಯ ಮಾತಿಗೆ ಆಗುವುದಿಲ್ಲ ಎಂದು ತಕ್ಷಣ ಹೇಳಿಬಿಟ್ಟರು. ಹುಣಸೆ ಸಸಿಯ ಮಾತಿಗೆ ಮಾತ್ರ ಸ್ವಲ್ಪ ಯೋಚಿಸಿ, ನಿಧಾನವಾಗಿ ಬೆಳೆಯುವ ಮರ, ಆದರೂ ಕೇಳಿ ಹೇಳುತ್ತೇನೆ ಎಂದರು.

ಪಾವಗಡದವರ ವಾದವನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು ತಲೆದೂಗಿದರು. ಮಾಲೂರಿನವರದನ್ನು ಓದಿದಾಗ ಸುಮ್ಮನೆ ಎದ್ದು ಹೋಗಿ ನನ್ನ ಹೊಲಿಗೆ ಡಬ್ಬಿಯಿಂದ ಟೇಪು ತಂದರು. ದೊಡ್ಡ ಹುಣಸೆಯ ಸುತ್ತ ಟೇಪು ಸಾಲದೆ ಗುರುತು ಹಾಕಿಕೊಂಡು ಎರಡು ಸಲ ಹಿಡಿಯಬೇಕಾಯಿತು: 2 ಮೀಟರ್ 70 ಸೆಂಟಿಮೀಟರ್. ಅದರಲ್ಲಿ ಎಷ್ಟು ಕ್ರೆಡಿಟ್ ಇದ್ದೀತು ಎಂದು ಅಪ್ಪ ಕೇಳಿದರು. ಸೂತ್ರ ಗೊತ್ತಿಲ್ಲ ಎಂದೆ. ಚಿಂತಾಮಣಿಯವರು ಬಿಡುವಾದಾಗ ಲೆಕ್ಕ ಹಾಕಿ ಹೇಳಿದರೆ ಅವರಿಗೆ ತಿಳಿಸುತ್ತೇನೆ, ದುಡ್ಡು ಬರದಿದ್ದರೂ ಚಿಂತೆಯಿಲ್ಲವಂತೆ.

ಪಹಣಿಯ ಪ್ರಶ್ನೆಯೇ ಕೊನೆಗೆ ಎಲ್ಲವನ್ನೂ ತಡೆದು ನಿಲ್ಲಿಸಿತು. ಅದು ಇನ್ನೂ ತಾತನ ಹೆಸರಿನಲ್ಲೇ ಇದೆ. ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಅದಕ್ಕೆ ಅಪ್ಪನ ಜೊತೆ ಚಿಕ್ಕಪ್ಪ ಮತ್ತು ಇಬ್ಬರು ಅತ್ತೆಯಂದಿರೂ ಒಪ್ಪಬೇಕು. ಕಂಪನಿಯ ಹದಿನಾಲ್ಕು ಪುಟಗಳಲ್ಲಿ ಅತ್ತೆಯಂದಿರಿಗೆ ಜಾಗವೇ ಇಲ್ಲ, ಸಹಿಗೆ ಇರುವುದು ಒಂದೇ ಗೆರೆ. ಆ ಯುವಕರು ‘ಅದೆಲ್ಲ ಬೇಡ ಸರ್, ಅನುಭವದಲ್ಲಿ ನೀವಿದ್ದೀರಲ್ಲ, ಹಾಕಿ’ ಎಂದರು. ಅಪ್ಪ ಪೆನ್ನನ್ನು ಅವರಿಗೇ ವಾಪಸು ಕೊಟ್ಟು, ದೊಡ್ಡತ್ತೆಗೆ ಫೋನ್ ಮಾಡಲು ನನಗೆ ಹೇಳಿದರು.